ಕಷ್ಟದಲ್ಲಿ ದೇವರ ಮೇಲಿನ ನಂಬಿಕೆ ಉಳಿಸಿಕೊಳ್ಳೋದು ಹೇಗೆ? ಪ್ರಾರ್ಥನೆಗೆ ಕೂತರೆ ಸಿಟ್ಟೇ ಬರುತ್ತೆ

ಮಗನಿಗೆ ಕಾಯಿಲೆ, ಆರು ತಿಂಗಳಿಂದ ಪ್ರಾರ್ಥನೆ, ಈಗ ಮೊಣಕಾಲೂರಿದರೆ ಸಿಟ್ಟು ಬರುತ್ತೆ, ಈ ಸಂದೇಹವನ್ನು ಹೇಗೆ ತುಳಿದುಹಾಕಲಿ ಅಂತ ಕೇಳಿದ್ದೀರಿ. ನಾನು ತುಳಿದುಹಾಕಿದ್ದೆ. ಚೆನ್ನಾಗಿಯೇ ತುಳಿದಿದ್ದೆ. ಆದರೆ ನನ್ನ ಕಾಲಿನ ಕೆಳಗೆ ಸಿಕ್ಕಿದ್ದು ಸಂದೇಹ ಅಲ್ಲ, ನನ್ನ ಹೆಂಡತಿ.

ಎಂಟು ವರ್ಷದ ಹಿಂದೆ ಅವಳಿಗೆ ಕಿಡ್ನಿ ತೊಂದರೆ ಅಂತ ಗೊತ್ತಾಯಿತು. ಬಿಪಿ ಜಾಸ್ತಿ, ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ರಕ್ತದಲ್ಲಿ ಏರೋ ಕ್ರಿಯಾಟಿನಿನ್ ಕೂಡ ಜಾಸ್ತಿ. ಮಾತ್ರೆ ಬರೆದುಕೊಟ್ಟು, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಅಂದರು. ಎರಡನೇ ಸಲಕ್ಕೆ ಕ್ರಿಯಾಟಿನಿನ್ ಸ್ವಲ್ಪ ಇಳಿದಿತ್ತು. ಸ್ವಲ್ಪ ಅಷ್ಟೇ. ಡಾಕ್ಟರ್ "ಪರವಾಗಿಲ್ಲ, ನೋಡೋಣ" ಅಂದರು. ನಾನು ಆ ಭಾನುವಾರ ಚರ್ಚಿನ ಸಭೆಯಲ್ಲಿ ಎದ್ದು ನಿಂತು, "ಕರ್ತನು ನನ್ನ ಹೆಂಡತಿಯನ್ನು ಪೂರ್ತಿ ವಾಸಿಮಾಡಿದ್ದಾನೆ" ಅಂತ ಸಾಕ್ಷಿ ಹೇಳಿಬಿಟ್ಟೆ. ಎಲ್ಲರೂ ಆಮೆನ್ ಅಂದರು. ಅವಳು ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದಳು. ಸಂತೋಷಕ್ಕೆ ಅಳುತ್ತಿದ್ದಾಳೆ ಅಂದುಕೊಂಡೆ.

ಸುಳ್ಳು ಹೇಳುತ್ತಿದ್ದೇನೆ ಅಂತ ನನಗೆ ಅನಿಸಲೇ ಇಲ್ಲ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನೀವು ಈಗ ನಿಂತಿರುವುದೂ ಹೆಚ್ಚುಕಡಿಮೆ ಇದೇ ಜಾಗದಲ್ಲಿ. ಬೈಬಲಿನಲ್ಲಿ ಮಾರ್ಕ 11:24 ಇದೆಯಲ್ಲ, ಪ್ರಾರ್ಥನೆಯಲ್ಲಿ ಕೇಳಿಕೊಂಡದ್ದು ಸಿಕ್ಕಾಗಿದೆ ಅಂತ ನಂಬಿರಿ ಅನ್ನೋ ವಾಕ್ಯ, ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಸಿಕ್ಕಾಗಿದೆ ಅಂತ ನಂಬಬೇಕು ಅಂದಮೇಲೆ ಬಾಯಲ್ಲೂ ಹಾಗೇ ಹೇಳಬೇಕಲ್ವಾ? ಹಾಗೆ ಹೇಳಿದವನು ಮತ್ತೆ ರಕ್ತ ಪರೀಕ್ಷೆಗೆ ಹೋದರೆ ಅಪನಂಬಿಕೆ ಆಗಲ್ವಾ? ಮಾತ್ರೆ ನಿಲ್ಲಿಸಲಿಲ್ಲ, ಅಷ್ಟು ಬುದ್ಧಿ ಇತ್ತು. ಆದರೆ ಪರೀಕ್ಷೆಯನ್ನು ಮುಂದೂಡಿದೆ. ಒಂದು ಸಲ, ಇನ್ನೊಂದು ಸಲ. ಒಟ್ಟು ಹತ್ತು ತಿಂಗಳು. ಯಾರಾದರೂ ಹೇಗಿದ್ದಾಳೆ ಅಂತ ಕೇಳಿದರೆ, ಅವಳು ಬಾಯಿ ತೆರೆಯೋ ಮೊದಲೇ ನಾನು "ದೇವರಿಗೆ ಸ್ತೋತ್ರ, ಚೆನ್ನಾಗಿದ್ದಾಳೆ" ಅನ್ನುತ್ತಿದ್ದೆ.

ನನ್ನ ತಪ್ಪು ಜಾಸ್ತಿ ನಂಬಿದ್ದಲ್ಲ. ನಂಬಿಕೆ ಅಂದರೆ ಇರೋದನ್ನು ಇಲ್ಲ ಅನ್ನೋದು ಅಂದುಕೊಂಡಿದ್ದು. ಒಂದು ಸಲ ಎಲ್ಲರ ಮುಂದೆ "ಇಲ್ಲ" ಅಂದಮೇಲೆ ಅದನ್ನು ಕಾಯೋದೇ ಕೆಲಸ ಆಗಿಬಿಡುತ್ತೆ. ನಾನು ದೇವರನ್ನು ನಂಬುತ್ತಿರಲಿಲ್ಲ, ನನ್ನ ಸಾಕ್ಷಿಯ ಮಾನ ಕಾಪಾಡುತ್ತಿದ್ದೆ. ನೆಲೆ ಕಂಡವನ ಹಾಗೆ ಮಾತಾಡುತ್ತಿದ್ದೆ, ಒಳಗೆ ಪುಕಪುಕ.

ಒಂದು ರಾತ್ರಿ ಅವಳು ಮಂಚದ ಅಂಚಿನಲ್ಲಿ ಕೂತು ಸಾಕ್ಸ್ ತೆಗೆಯುತ್ತಿದ್ದಳು. ಸೆಕೆಗಾಲ. ಸಾಕ್ಸ್ ಯಾಕೆ ಅಂತ ಕೇಳಿದೆ. ಮಾತಾಡಲಿಲ್ಲ. ಎಲಾಸ್ಟಿಕ್ ಇದ್ದ ಕಡೆ ಕಾಲಿನ ಸುತ್ತ ಹಳ್ಳ ಬಿದ್ದಿತ್ತು. ಬೆರಳಿಂದ ಒತ್ತಿ ನೋಡಿದೆ. ಬೆರಳು ತೆಗೆದ ಮೇಲೂ ಗುಳಿ ಹಾಗೇ ನಿಂತಿತ್ತು, ಹಿಟ್ಟಿನ ಮುದ್ದೆಗೆ ಒತ್ತಿದ ಹಾಗೆ. ಎರಡು ತಿಂಗಳಿಂದ ಬಾವು ಇತ್ತಂತೆ. ನನಗೆ ಕಾಣಬಾರದು ಅಂತ ಸಾಕ್ಸ್ ಹಾಕುತ್ತಿದ್ದಳು.

"ಯಾಕೆ ಹೇಳಲಿಲ್ಲ?"

"ಹೇಗೆ ಹೇಳಲಿ ರೀ? ನೀವು ವಾಸಿಯಾಯ್ತು ಅಂತ ಹೇಳಿಬಿಟ್ಟಿದ್ದೀರಲ್ಲ."

ಆಮೇಲಿಂದು ಬೇಗ ಹೇಳಿಬಿಡುತ್ತೇನೆ. ಕಿಡ್ನಿ ಕೆಲಸ ಬಹುತೇಕ ನಿಂತಿತ್ತು. ಈಗ ವಾರಕ್ಕೆ 3 ದಿನ ಡಯಾಲಿಸಿಸ್, ಪ್ರತಿ ಸಲ 4 ಗಂಟೆ. ಆಗಲೇ ಬಂದಿದ್ದರೆ ಇದು ತಪ್ಪುತ್ತಿತ್ತಾ ಅಂತ ಡಾಕ್ಟರನ್ನು ಕೇಳಿದೆ. "ಸ್ವಲ್ಪ ಕಾಲ ತಳ್ಳಬಹುದಿತ್ತೇನೋ, ಖಚಿತವಾಗಿ ಹೇಳಕ್ಕಾಗಲ್ಲ" ಅಂದರು. ಆ "ಏನೋ" ಇವತ್ತಿಗೂ ನನ್ನ ಜೊತೆ ಇದೆ.

ಇನ್ನು ನಿಮ್ಮ ಪ್ರಶ್ನೆ. ನಂಬಿಕೆ ಇದ್ದರೆ ಸಿಟ್ಟು ಬರಬಾರದು ಅನ್ನೋ ಲೆಕ್ಕದಲ್ಲಿ ಕೇಳಿದ್ದೀರಿ. ಆ ಲೆಕ್ಕವನ್ನೇ ನಾನು ಒಪ್ಪಲ್ಲ. ಯಾರ ಮೇಲೆ ಸಿಟ್ಟು ನಿಮಗೆ? ಕೇಳಿಸಿಕೊಳ್ಳುತ್ತಾನೆ ಅಂತ ಗೊತ್ತಿರೋದಕ್ಕೇ ಅಲ್ವಾ ಸಿಟ್ಟು? ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳೆದುಕೊಂಡ ಯೋಬನನ್ನು ತಾಳ್ಮೆಗೆ ಉದಾಹರಣೆ ಮಾಡಿ ಹೇಳುತ್ತಾರೆ. ಅವನ ಪುಸ್ತಕದ 3ನೇ ಅಧ್ಯಾಯ ಓದಿ. ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ದೇವರ ಪರ ವಾದ ಮಾಡಿದವರು ಅವನ ಗೆಳೆಯರು, ಒಬ್ಬೊಬ್ಬರದೂ ಉದ್ದುದ್ದ ಭಾಷಣ. ಕೊನೆಗೆ, 42ನೇ ಅಧ್ಯಾಯದಲ್ಲಿ, ದೇವರು ಕೋಪಿಸಿಕೊಂಡಿದ್ದು ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ಯೋಬ ಸರಿಯಾಗಿ ಮಾತಾಡಿದ ಹಾಗೆ ನೀವು ಮಾತಾಡಲಿಲ್ಲ ಅಂದ. ಆ ಗೆಳೆಯರು ಮಾಡಿದ ಒಂದೇ ಒಳ್ಳೆ ಕೆಲಸ ಅಂದರೆ ಮೊದಲ ಏಳು ದಿನ ಏನೂ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದು.

ನಾನು ಹಿಡಿದುಕೊಂಡಿದ್ದ ಮಾರ್ಕನ ಸುವಾರ್ತೆಯಲ್ಲೇ ಮೂರು ಅಧ್ಯಾಯ ಮುಂದೆ ಹೋದರೆ, 14:36ರಲ್ಲಿ, ಯೇಸು ತನ್ನನ್ನು ಹಿಡಿಯೋ ಮುಂಚೆ ಗೆತ್ಸೆಮನೆ ಅನ್ನೋ ಜಾಗದಲ್ಲಿ ಈ ಪಾತ್ರೆಯನ್ನು, ಅಂದರೆ ಮುಂದಿರೋ ಸಂಕಟವನ್ನು, ನನ್ನಿಂದ ತೆಗೆದುಬಿಡು ಅಂತ ಬೇಡಿಕೊಳ್ಳುತ್ತಾನೆ. ತೆಗೆದಾಗಿದೆ ಅನ್ನಲಿಲ್ಲ. ಭಯ ಇಲ್ಲ ಅಂತಲೂ ತೋರಿಸಿಕೊಳ್ಳಲಿಲ್ಲ. ಸಾಯುವಷ್ಟು ದುಃಖವಾಗಿದೆ, ನನ್ನ ಜೊತೆ ಎಚ್ಚರವಾಗಿರಿ ಅಂತ ಮೂವರು ಶಿಷ್ಯರನ್ನು ಕೇಳಿಕೊಂಡ. ಅವರು ನಿದ್ದೆ ಮಾಡಿದರು, ಅದು ಬೇರೆ ಮಾತು. ಹತ್ತು ವರ್ಷ ಆ ಪುಸ್ತಕ ಓದಿದವನು ನಾನು. 11ನೇ ಅಧ್ಯಾಯಕ್ಕೆ ಗೆರೆ ಎಳೆದಿದ್ದೆ, 14ಕ್ಕೆ ಎಳೆದಿರಲಿಲ್ಲ.

ಹಾಗಾಗಿ ಸಿಟ್ಟನ್ನು ತುಳಿಯಬೇಡಿ. ಅದನ್ನೇ ಪ್ರಾರ್ಥನೆಯಾಗಿ ಹೇಳಿ, ಜೋರಾಗಿ. ಮಾತು ಹೊರಡದಿದ್ದರೆ 13ನೇ ಕೀರ್ತನೆ ಓದಿ, "ಎಷ್ಟರ ತನಕ" ಅನ್ನೋ ಪ್ರಶ್ನೆ ಎರಡೇ ವಚನದಲ್ಲಿ ಮತ್ತೆ ಮತ್ತೆ ಬರುತ್ತೆ. ಸಭೆಯಲ್ಲಿ ಎಲ್ಲರಿಗೂ ಹೇಳಬೇಕಾಗಿಲ್ಲ, ಉಪದೇಶ ಮಾಡದೆ ಕೇಳಿಸಿಕೊಳ್ಳೋ ಒಬ್ಬರಿಗೆ ಹೇಳಿ. "ಎಲ್ಲಾ ಒಳ್ಳೇದಕ್ಕೇ" ಅಂತ ಮೊದಲ ವಾಕ್ಯದಲ್ಲೇ ಶುರು ಮಾಡಿದರೆ, ಅವರು ಆ ಒಬ್ಬರಲ್ಲ. ಮತ್ತೆ, ನಿಮ್ಮ ಮಗನಿಗೆ ನೋವು ಅನ್ನೋಕೆ ಅವಕಾಶ ಕೊಡಿ. ನೀವು ಧೈರ್ಯವಾಗಿರೋ ಹಾಗೆ ನಟಿಸಿದರೆ ಅವನೂ ನಟಿಸುತ್ತಾನೆ, ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ನಟಿಸುತ್ತಾರೆ.

ನನ್ನ ಸಾಕ್ಷಿಯನ್ನು ಅದೇ ಸಭೆಯಲ್ಲಿ ವಾಪಸ್ ತಗೊಂಡೆ. ಆಮೆನ್ ಯಾರೂ ಅನ್ನಲಿಲ್ಲ. ಆದರೆ ಆ ವಾರ ಇಬ್ಬರು ಡಯಾಲಿಸಿಸ್ ಹೊತ್ತಿಗೆ ಬಂದು ಕೂತರು. ಅವರಲ್ಲಿ ಒಬ್ಬರು ಇವತ್ತಿಗೂ ಬರುತ್ತಾರೆ.

ಮೆಷಿನ್ ಓಡುವಾಗ ನಾನು ಅವಳಿಗೆ ಕೀರ್ತನೆಗಳನ್ನು ಓದುತ್ತೇನೆ. ಮೊನ್ನೆ 88 ಬಂತು. ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವುಗಳಲ್ಲಿ ಎಲ್ಲೋ ಒಂದು ಕಡೆ ಸ್ತುತಿ ಬರುತ್ತೆ. ಇದರಲ್ಲಿ ಬರಲ್ಲ, ಕತ್ತಲೆಯಲ್ಲೇ ಮುಗಿಯುತ್ತೆ. ನಾನು ಪುಸ್ತಕ ಮುಚ್ಚಿದೆ.

"ಅಷ್ಟೇನಾ?" ಅಂದಳು.

"ಅಷ್ಟೇ."

"ಆದರೂ ಬೈಬಲಿನಲ್ಲಿ ಇಟ್ಟಿದ್ದಾರಲ್ಲ," ಅಂದಳು. ಆಮೇಲೆ ಕಾಲ ಹತ್ತಿರ ಹೊದಿಕೆ ಸರಿಮಾಡಲು ಹೇಳಿ, ಇನ್ನೊಂದು ಸಲ ಓದಿ ಅಂದಳು.