ಡಿಕ್ರಿ ಆಗಿದೆ, ಅಮೀನರು ಮನೆಗೆ ಬಂದಿದ್ದಾರೆ: ಈಗೇನು ಮಾಡೋದು?

ಪ್ರಶ್ನೆ: ನಮ್ಮ ಮನೆಯವರಿಗೆ ಖಾಸಗಿ ಕಂಪನಿಯಲ್ಲಿ ಕೆಲಸ. ಸಂಬಳ 22,000 ರೂಪಾಯಿ. ಮಾವನವರ ಆಸ್ಪತ್ರೆ ಖರ್ಚಿಗೆ ಅಂತ ಪರಿಚಯದವರೊಬ್ಬರಿಗೆ ಪ್ರೋನೋಟು ಬರೆದುಕೊಟ್ಟು ಒಂದೂವರೆ ಲಕ್ಷ ಕೈಸಾಲ ತಂದಿದ್ದರು. ಒಂದು ವರ್ಷ ಬಡ್ಡಿ ಕಟ್ಟಿದೆವು, ಆಮೇಲೆ ಆಗಲಿಲ್ಲ. ಕೋರ್ಟಿನಿಂದ ಪೋಸ್ಟ್ ಬಂದಾಗ ಇವರು ಹೆದರಿ ತಗೊಳ್ಳದೆ ವಾಪಸ್ ಕಳಿಸಿದರು. ಈಗ 2.10 ಲಕ್ಷಕ್ಕೆ ಡಿಕ್ರಿ (ದುಡ್ಡು ಕೊಡಬೇಕು ಅನ್ನುವ ಕೋರ್ಟಿನ ತೀರ್ಪು) ಆಗಿದೆಯಂತೆ. ಮೊನ್ನೆ ಅಮೀನರು (ಕೋರ್ಟಿನ ಆದೇಶ ಜಾರಿ ಮಾಡುವ ಸಿಬ್ಬಂದಿ) ನೋಟಿಸ್ ತಂದಿದ್ದರು. ಇವರನ್ನು ಜೈಲಿಗೆ ಹಾಕ್ತಾರಾ? ಮನೆ ಮಾವನ ಹೆಸರಲ್ಲಿದೆ, ಅದು ಹೋಗುತ್ತಾ? ನನ್ನ ತಾಳಿ? ಪಾಪರ್ ಚೀಟಿ ತಗೊಂಡ್ರೆ ಎಲ್ಲಾ ಮುಗಿಯುತ್ತೆ ಅಂತಾರೆ, ನಿಜವಾ?
– ಒಬ್ಬ ಗೃಹಿಣಿ, ನಿಟುವಳ್ಳಿ, ದಾವಣಗೆರೆ

ಉತ್ತರ: ತಾಯಿ, ಮೊದಲು ಜೈಲಿನ ಭಯ ಬಿಡಿ. ಇದು ಸಿವಿಲ್ ಕೇಸು. ಪೊಲೀಸರು ಬಂದು ಹಿಡ್ಕೊಂಡು ಹೋಗುವಂಥದ್ದಲ್ಲ. ಸಾಲ ತೀರಿಸದವರನ್ನು ಸಿವಿಲ್ ಜೈಲಿಗೆ ಕಳಿಸುವ ಅಧಿಕಾರ ಕೋರ್ಟಿಗೆ ಇರುವುದು ನಿಜ. ಆದರೆ ಅದಕ್ಕೂ ಮೊದಲು ನೋಟಿಸ್ ಕೊಟ್ಟು, ಅವರ ಮಾತು ಕೇಳಬೇಕು. ಕೈಯಲ್ಲಿ ದುಡ್ಡಿದ್ದೂ ಬೇಕಂತಲೇ ಕೊಡುತ್ತಿಲ್ಲ ಅಂತ ಸಾಲ ಕೊಟ್ಟವರು ತೋರಿಸಬೇಕು. ಇಲ್ಲದವನನ್ನು ಇಲ್ಲದ್ದಕ್ಕಾಗಿ ಜೈಲಿಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ.

ಹಾಗಂತ ನೋಟಿಸಿನಲ್ಲಿರುವ ವಾಯಿದೆಗೆ ಹೋಗದೆ ಕೂತರೆ ಕೋರ್ಟು ಒಂದು ಕಡೆಯ ಮಾತನ್ನಷ್ಟೇ ಕೇಳಬೇಕಾಗುತ್ತದೆ. ಈಗಾಗಲೇ ಒಮ್ಮೆ ಹಾಗೇ ಆಗಿದೆ ಅಲ್ವಾ? ಪೋಸ್ಟ್ ವಾಪಸ್ ಕಳಿಸಿದರೆ ಕೇಸೂ ವಾಪಸ್ ಹೋಗುತ್ತೆ ಅಂತ ನಮ್ಮ ಕಡೆ ಅನೇಕರು ನಂಬಿದ್ದಾರೆ. ಕವರಿನ ಮೇಲೆ ‘ನಿರಾಕರಿಸಿದ್ದಾರೆ’ ಅಂತ ಪೋಸ್ಟ್‌ಮ್ಯಾನ್ ಬರೆದರೆ ಸಾಕು, ಕಾನೂನಿನ ಲೆಕ್ಕದಲ್ಲಿ ಸಮನ್ಸ್ ಮುಟ್ಟಿದಂತೆಯೇ. ಅದಕ್ಕೇ ಏಕಪಕ್ಷೀಯ ಡಿಕ್ರಿ ಆಗಿದೆ. ಅದನ್ನು ರದ್ದು ಮಾಡಿ ಅಂತ ಕೇಳಲು ಡಿಕ್ರಿಯಾದ ದಿನದಿಂದ 30 ದಿನ ಮಾತ್ರ ಅವಕಾಶ. ಸಮನ್ಸ್ ನಿಜಕ್ಕೂ ಮುಟ್ಟದೇ ಇದ್ದವರಿಗೆ, ವಿಷಯ ಗೊತ್ತಾದ ದಿನದಿಂದ 30 ದಿನ. ನಿಮ್ಮವರದು ಮೊದಲನೇ ಲೆಕ್ಕ. ಗಡುವು ದಾಟಿದ್ದರೆ ತಡವಾದದ್ದಕ್ಕೆ ಒಪ್ಪುವಂಥ ಕಾರಣ ಕೊಡಬೇಕು. ‘ಹೆದರಿಕೆ ಆಯ್ತು’ ಅನ್ನೋದು ಅಂಥ ಕಾರಣ ಅಲ್ಲ. ಸಾಲ ತಂದದ್ದೂ ನಿಜ, ಸಹಿಯೂ ನಿಜ ಆಗಿದ್ದರೆ ಈ ದಾರಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಇನ್ನು ಜಪ್ತಿ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಮೂರನೇ ಎರಡು ಭಾಗವನ್ನೂ ಮುಟ್ಟುವಂತಿಲ್ಲ. ನಿಮ್ಮ ಲೆಕ್ಕದಲ್ಲಿ 22,000ಕ್ಕೆ 1,000 ಕಳೆದರೆ 21,000, ಅದರ ಮೂರನೇ ಒಂದು ಭಾಗ 7,000. ತಿಂಗಳಿಗೆ ಹೆಚ್ಚೆಂದರೆ ಅಷ್ಟು. ಅದೂ ಒಂದೇ ಡಿಕ್ರಿಗೆ 24 ತಿಂಗಳು ಹಿಡಿದರೆ ಮುಗಿಯಿತು, ಆ ಡಿಕ್ರಿಗಾಗಿ ಮತ್ತೆ ಸಂಬಳ ಹಿಡಿಯುವಂತಿಲ್ಲ. ಒಟ್ಟು 1.68 ಲಕ್ಷ. ಪಿಎಫ್, ಎಲ್‌ಐಸಿ ಪಾಲಿಸಿ ದುಡ್ಡು, ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆ ಜಪ್ತಿಗೆ ಬರುವುದಿಲ್ಲ. ಧರ್ಮದ ಪ್ರಕಾರ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯಬಾರದ ಆಭರಣವೂ ಬರುವುದಿಲ್ಲ. ಹಾಗಾಗಿ ನಿಮ್ಮ ತಾಳಿ ನಿಮ್ಮ ಕೊರಳಲ್ಲೇ ಇರುತ್ತದೆ. ಮಾವನವರು ಜಾಮೀನು ಸಹಿ ಹಾಕಿಲ್ಲ, ಮನೆಯೂ ಅವರದೇ ಸ್ವಂತದ್ದು ಅಂದರೆ ಆ ಮನೆಗೂ ಈ ಸಾಲಕ್ಕೂ ಸಂಬಂಧವಿಲ್ಲ. ಪಿತ್ರಾರ್ಜಿತವಾಗಿ ಮಗನ ಪಾಲು ಅದರಲ್ಲಿದ್ದರೆ ಮಾತ್ರ ಆ ಪಾಲಿನ ಪ್ರಶ್ನೆ ಏಳುತ್ತದೆ. ಕಾಗದಪತ್ರ ವಕೀಲರಿಗೆ ತೋರಿಸಿ.

ಈ 7,000ದ ಲೆಕ್ಕ ಸಾಲ ಕೊಟ್ಟವರಿಗೂ ಗೊತ್ತಿರುತ್ತದೆ. ರಾಜಿಗೆ ಅದೇ ನಿಮ್ಮ ಬಲ. ಡಿಕ್ರಿಯಾದ ಮೇಲೆ ಕಂತು ಮಾಡಿಸಿಕೊಳ್ಳಲು ಅವರ ಒಪ್ಪಿಗೆ ಬೇಕು. ಹಾಗಾಗಿ ಲೋಕ ಅದಾಲತ್‌ಗೆ ಕೇಸು ಕಳಿಸಿ ಅಂತ ಕೇಳಿ. ಅಲ್ಲಿ ಬಡ್ಡಿ ಬಿಡಿಸಿ, ಅಸಲನ್ನು ಕಂತಾಗಿ ಮಾಡಿಸುವುದು ದಿನಾ ನಡೆಯುವ ಮಾತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಅಂದಹಾಗೆ, ಡಿಕ್ರಿಯಾದ ಮೇಲೆ ಪ್ರೋನೋಟಿನ ‘ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ’ ಓಡುವುದಿಲ್ಲ. ಡಿಕ್ರಿಯಲ್ಲಿ ಬರೆದ ಬಡ್ಡಿ ಮಾತ್ರ. ವ್ಯಾಪಾರದ ಸಾಲ ಅಲ್ಲದಿದ್ದರೆ ಅದು ಅಸಲಿನ ಮೇಲೆ ವರ್ಷಕ್ಕೆ ಶೇ 6 ದಾಟುವಂತಿಲ್ಲ.

ಒಂದು ವಿಷಯ ಒತ್ತಿ ಹೇಳುತ್ತೇನೆ. ನನ್ನ ಕಕ್ಷಿದಾರರೊಬ್ಬರು ಡಿಕ್ರಿಯಾದ ಮೇಲೆ ಎದುರು ಪಾರ್ಟಿಯ ಅಂಗಡಿಗೇ ಹೋಗಿ ಮೂರು ಸಲ ಇಪ್ಪತ್ತಿಪ್ಪತ್ತು ಸಾವಿರ ಕೊಟ್ಟು ಬಂದಿದ್ದರು. ಒಂದು ಚೀಟಿ ಇತ್ತು, ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಲೆಕ್ಕ, ಅಷ್ಟೇ. ಕೋರ್ಟಿನಲ್ಲಿ ಆ ಅರವತ್ತು ಸಾವಿರ ಲೆಕ್ಕಕ್ಕೇ ಬರಲಿಲ್ಲ. ಡಿಕ್ರಿ ಹಣವನ್ನು ಹೊರಗೆ ಕೊಟ್ಟರೆ ಅದು ಕೋರ್ಟಿನಲ್ಲಿ ದಾಖಲಾಗಬೇಕು. ಅವರು ದಾಖಲು ಮಾಡಿಸದಿದ್ದರೆ ಕೊಟ್ಟ 30 ದಿನದೊಳಗೆ ನೀವೇ ಅರ್ಜಿ ಹಾಕಬೇಕು. ದಾಖಲಾಗದ ದುಡ್ಡು, ಜಾರಿ ಮಾಡುವ ಕೋರ್ಟಿನ ಪಾಲಿಗೆ ಕೊಡದ ದುಡ್ಡು. ಆದ್ದರಿಂದ ಕೈಗೆ ನಗದು ಬೇಡ. ಕೋರ್ಟಿನಲ್ಲೇ ಕಟ್ಟಿ, ಇಲ್ಲವೇ ಬ್ಯಾಂಕ್ ಮೂಲಕ ಕೊಟ್ಟು ದಾಖಲು ಮಾಡಿಸಿ.

ಇನ್ನು ಪಾಪರ್ ಚೀಟಿ, ಅಂದರೆ ದಿವಾಳಿ ಅರ್ಜಿ. ಸಂಜೆ ಮಂಡಕ್ಕಿ–ಮಿರ್ಚಿ ತಿನ್ನುತ್ತಾ ಗೆಳೆಯರು ಕೊಡುವ ಸಲಹೆ ಇದು. ನಮ್ಮಂಥವರಿಗೆ ಇವತ್ತಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಅರ್ಜಿ ಹಾಕಿದ ಕೂಡಲೇ ಸಾಲ ಹಾರಿಹೋಗುವುದಿಲ್ಲ. ದಿವಾಳಿ ಅಂತ ಘೋಷಣೆಯಾದರೆ ಇರುವ ಆಸ್ತಿಯೆಲ್ಲ ಕೋರ್ಟಿನ ಕೈಗೆ ಹೋಗುತ್ತದೆ. ಸಾಲದಿಂದ ಬಿಡುಗಡೆಗೆ ಮತ್ತೊಂದು ಅರ್ಜಿ ಹಾಕಬೇಕು. ತಿಂಗಳ ಸಂಬಳ ಇರುವವರು 2 ಲಕ್ಷದ ಸಾಲಕ್ಕೆ ಈ ಬಾಗಿಲು ತಟ್ಟುವುದು ನನಗಂತೂ ಸರಿ ಕಾಣುವುದಿಲ್ಲ.

ಪ್ರೋನೋಟಿನ ಜೊತೆ ಖಾಲಿ ಚೆಕ್ಕನ್ನೂ ಕೊಟ್ಟಿದ್ದಾರಾ, ಕೇಳಿ ನೋಡಿ. ಚೆಕ್ ಬೌನ್ಸ್ ಕ್ರಿಮಿನಲ್ ಕೇಸು. ವಕೀಲರ ನೋಟಿಸ್ ಬಂದರೆ ದುಡ್ಡು ಕೊಡಲು 15 ದಿನ ಮಾತ್ರ ಇರುತ್ತದೆ. ಅದನ್ನಂತೂ ವಾಪಸ್ ಕಳಿಸಬೇಡಿ.

ಪ್ರಶ್ನೆ: ಸಂಘದಲ್ಲಿ ಮೈಕ್ರೋಫೈನಾನ್ಸ್ ಸಾಲ ಇದೆ. ಎರಡು ಕಂತು ತಪ್ಪಿದೆ. ರಾತ್ರಿ ಎಂಟಕ್ಕೆ ಬಂದು ಬಾಗಿಲಲ್ಲಿ ಕೂರ್ತಾರೆ, ಟಿವಿ ಎತ್ಕೊಂಡು ಹೋಗ್ತೀವಿ ಅಂತಾರೆ.
– ಜಗಳೂರು ತಾಲ್ಲೂಕಿನ ಓದುಗರು

ಉತ್ತರ: ಟಿವಿ ಎತ್ತುವ ಹಕ್ಕು ಅವರಿಗಿಲ್ಲ. ಅದೇನಿದ್ದರೂ ಕೋರ್ಟಿನ ಆದೇಶ ಇದ್ದರೆ ಅಮೀನರ ಕೆಲಸ. ಸತತವಾಗಿ ಎರಡು ಅಥವಾ ಅದಕ್ಕಿಂತ ಹೆಚ್ಚು ಸಲ ಕಂತಿನ ಜಾಗಕ್ಕೆ ನೀವು ಹೋಗದಿದ್ದರೆ ಮನೆಗೆ ಬಂದು ಕೇಳಬಹುದು, ಸರಿ. ಆದರೆ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಕೂಡ ಮಾಡುವಂತಿಲ್ಲ. ಬಂದವರ ಹೆಸರು, ಹೊತ್ತು ಬರೆದಿಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಕಂಪನಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಬರೆಯಿರಿ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಬೆದರಿಕೆ ಹಾಕಿದರೆ ಅಷ್ಟು ದಿನ ಕಾಯಬೇಡಿ, ಅವತ್ತೇ ಠಾಣೆಗೆ ಹೋಗಿ. ಸಾಲ ಕೊಟ್ಟವರು ನೋಂದಣಿಯೇ ಇಲ್ಲದವರಾಗಿದ್ದರೆ, 2025ರಲ್ಲಿ ರಾಜ್ಯ ತಂದ ಕಿರು ಸಾಲದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ ಅಂತ ಠಾಣೆಯಲ್ಲಿ ನೆನಪಿಸಿ. ದೂರು ಕೊಟ್ಟ ಹಿಂಬರಹ ಇಸ್ಕೊಳ್ಳೋದು ಮರೀಬೇಡಿ.