ಮೆಣಸಿನಕಾಯಿ ಬರೋ ಮುಂಚೆ ಖಾರ ಎಲ್ಲಿಂದ?
ಮೆಣಸಿನಕಾಯಿ ನಮ್ಮದಲ್ಲ ಅಂದ್ರೆ ಹಳೇ ಕಾಲದವರು ಸಾರಿಗೆ ಏನು ಹಾಕುತ್ತಿದ್ದರು ಅಂತ ಕೇಳಿದ್ದೀರಲ್ಲ, ಉತ್ತರ ಆ ಹೆಸರಲ್ಲೇ ಇದೆ ನೋಡಿ. ಮೆಣಸು ಅಂದ್ರೆ ಮೊದಲು ಕಾಳುಮೆಣಸು. ಅದರ ಜೊತೆಗೆ ಹಿಪ್ಪಲಿ, ಶುಂಠಿ. ಮೆಣಸಿನಕಾಯಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ, 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಲ್ಲಿ ನಮ್ಮ ಕರಾವಳಿಗೆ ಬಂತು. ಬಾಯಿ ಉರಿಸೋ ಗುಣ ಒಂದೇ ಥರ ಅನ್ನಿಸಿದ್ದಕ್ಕೆ ಜನ ಅದನ್ನೂ ಮೆಣಸಿನ ಹೆಸರಲ್ಲೇ ಕರೆದರು. ಆದರೆ ಎರಡೂ ಗಿಡಗಳಿಗೆ ಸಂಬಂಧವೇ ಇಲ್ಲ. ಕಾಳುಮೆಣಸಿನ ಖಾರ ಅದರಲ್ಲಿರೋ ಪೈಪರಿನ್ ಅನ್ನೋ ರಾಸಾಯನಿಕದಿಂದ, ಮೆಣಸಿನಕಾಯಿಯದ್ದು ಕ್ಯಾಪ್ಸೈಸಿನ್ ಅನ್ನೋ ಬೇರೆ ರಾಸಾಯನಿಕದಿಂದ.

ನನಗೆ ತುಂಬಾ ಇಷ್ಟವಾದ ವಿಷಯ ಇನ್ನೊಂದಿದೆ. ದಕ್ಷಿಣ ಕನ್ನಡದ ಕಡೆ ಕಾಳುಮೆಣಸಿಗೆ ಇವತ್ತಿಗೂ ‘ಒಳ್ಳೆಮೆಣಸು’ ಅಂತಾರೆ. ಎಷ್ಟು ಚಂದದ ಮಾತು ಅಲ್ವಾ! ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಅಂದದ್ದೂ ಈ ಕಾಳಿನ ವ್ಯಾಪಾರದಿಂದಲೇ.