ಮಗ ಬರಲಿ ಅಂತ ತಡೆದುಕೊಳ್ಳುತ್ತಿದ್ದ ಅಜ್ಜ

"ಮೇಡಂ, ನಮ್ಮ ಮಾವ ಬೇಕಂತಲೇ ಮಾಡ್ತಾರೆ." ಫೋನ್ ಎತ್ತಿದ ಕೂಡಲೇ ಆಕೆ ಹೇಳಿದ ಮೊದಲ ಮಾತು ಇದು. ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು ಸರಿಸುತ್ತಾರೆ. ಮಾತಾಡಿಸಿದರೆ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಮೂರು ದಿನದಿಂದ ಪಂಚೆಯಲ್ಲೇ ನೀರು ನೀರಾಗಿ ಆಗುತ್ತಿದೆ, ಕರೆದು ಹೇಳುವುದೂ ಇಲ್ಲ. "ನನ್ನ ಅಡುಗೆ ಸೇರಲ್ಲ, ನಾನೂ ಸೇರಲ್ಲ. ಸಿಟ್ಟು ಹಿಂಗೆ ತೀರಿಸ್ಕೊಳ್ತಿದಾರೆ" ಅಂದವರು ಅಳೋಕೆ ಶುರು ಮಾಡಿದರು.

ದಾವಣಗೆರೆಯಲ್ಲಿ, ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗೆ ಆಪ್ತಸಲಹೆ ಕೊಡುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ. ಮಾವ-ಸೊಸೆ ಜಗಳ ಅಂತ ಬರುವ ಫೋನ್‌ಗಳಲ್ಲಿ ಎಷ್ಟೋ ಸಲ ಜಗಳದ ಬೇರು ಹೊಟ್ಟೆಯಲ್ಲೋ ಮೂತ್ರದಲ್ಲೋ ಇರುತ್ತದೆ. ಇದೂ ಅಂಥದ್ದೇ. ಮನೆಯವರ ಒಪ್ಪಿಗೆ ತಗೊಂಡು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಅಜ್ಜನಿಗೆ 78 ವರ್ಷ. ಹರಿಹರದ ಕಡೆಯ ಹಳ್ಳಿಯಲ್ಲಿ ಗದ್ದೆ ಮಾಡಿಕೊಂಡಿದ್ದವರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿಯಿತು. ಆಪರೇಷನ್ ಆದಮೇಲೆ ಊರಲ್ಲಿ ನೋಡಿಕೊಳ್ಳುವವರಿಲ್ಲ ಅಂತ ಮಗ ಇಲ್ಲಿಗೆ ಕರೆತಂದರು. ವಾಕರ್ ಹಿಡಿದು ಹತ್ತು ಹೆಜ್ಜೆ ಇಡುತ್ತಾರೆ, ಅಷ್ಟೇ. ಮಗ ಗೂಡ್ಸ್ ಗಾಡಿ ಓಡಿಸುತ್ತಾರೆ. ಬೆಳಗ್ಗೆ ಐದಕ್ಕೆ ತರಕಾರಿ ಮಾರ್ಕೆಟ್‌ಗೆ ಹೋದರೆ ಮನೆ ಸೇರುವುದು ರಾತ್ರಿ ಎಂಟೂವರೆಗೆ. ಹಗಲೆಲ್ಲ ಮನೆಯಲ್ಲಿ ಸೊಸೆ, ಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು, ಅಜ್ಜ.

ನಾನು ಹೋದದ್ದು ಏಪ್ರಿಲ್ ತಿಂಗಳ ಮಧ್ಯಾಹ್ನ. ನಮ್ಮ ಊರಿನ ಏಪ್ರಿಲ್ ಬಿಸಿಲು ಗೊತ್ತಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಸ್ಟೀಲ್ ಚೊಂಬು, ಅದರ ಮೇಲೊಂದು ತಟ್ಟೆ. ತಟ್ಟೆ ಎತ್ತಿ ನೋಡಿದೆ. ಬೆಳಗ್ಗೆ ತುಂಬಿಸಿದ ನೀರು ಕುತ್ತಿಗೆಮಟ್ಟ ಹಾಗೇ ಇತ್ತು. ಅಷ್ಟು ಸೆಕೆಯಲ್ಲಿ ಒಬ್ಬ ಮನುಷ್ಯ ಸಂಜೆ ನಾಲ್ಕರವರೆಗೆ ನೀರು ಮುಟ್ಟಿಲ್ಲ ಅಂದರೆ ಅದಕ್ಕೆ ಏನೋ ಕಾರಣ ಇರಲೇಬೇಕು, ಅಲ್ವಾ?

ಆ ಕಾರಣ ಕೇಳುವುದರಲ್ಲಿ ಮೊದಲ ದಿನ ನಾನು ತಪ್ಪಿದೆ. ಪಕ್ಕದ ಮನೆಯವರೊಬ್ಬರು ಕೂತಿದ್ದರು, ಮಕ್ಕಳು ಟಿವಿ ನೋಡುತ್ತಿದ್ದರು. ಎಲ್ಲರೆದುರೇ ಸೊಸೆಯನ್ನು ಕೇಳಿಬಿಟ್ಟೆ: "ಸರಿಯಾಗಿ ಮೋಷನ್ ಆಗಿ ಎಷ್ಟು ದಿನ ಆಯ್ತು?" ಅಜ್ಜ ಕಣ್ಣು ಮುಚ್ಚಿಕೊಂಡರು. ಆಮೇಲೆ ಒಂದು ಮಾತೂ ಆಡಲಿಲ್ಲ.

ಸೊಸೆ ಬೆರಳು ಮಡಚಿ ಎಣಿಸಿದರು. ಯುಗಾದಿ ಮಾರನೇ ದಿನ ಗಟ್ಟಿಯಾಗಿ ಆಗಿದ್ದು ನೆನಪು. ಅಂದರೆ ಹನ್ನೊಂದು ದಿನ. ನಡುವೆ ಪಕ್ಕದ ಮನೆಯವರ ಮಾತಿನಂತೆ ಹರಳೆಣ್ಣೆ ಕುಡಿಸಿದ್ದಾರೆ. ಮಗ ಮೆಡಿಕಲ್ ಶಾಪಿನಿಂದ ಎನಿಮಾ ಬಾಟಲಿ ತಂದು ಒಂದು ಸಲ ಹಾಕಿದ್ದಾರೆ, ಇನ್ನೊಂದು ತಂದಿಟ್ಟಿದ್ದಾರೆ. ಆಮೇಲೆ ನೀರು ನೀರಾಗಿ ಶುರುವಾದಾಗ ಭೇದಿ ಅಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ಎರಡು ದಿನ ಕೊಟ್ಟಿದ್ದಾರೆ.

ಈ ಒಂದು ವಿಷಯ ಹಿರಿಯರಿರುವ ಪ್ರತಿ ಮನೆಗೂ ಗೊತ್ತಿರಬೇಕು ಅಂತ ನನ್ನ ಆಸೆ. ತೂಬಿಗೆ ಕಸ ಕಟ್ಟಿಕೊಂಡರೆ ಸಂದಿಯಲ್ಲಿ ನೀರು ಜಿನುಗುತ್ತದಲ್ಲ, ಹಾಗೆ. ಗುದದ್ವಾರದ ಹತ್ತಿರ ಮಲ ಗಟ್ಟಿ ಗಡ್ಡೆಯಾಗಿ ಕೂತರೆ, ಮೇಲಿನ ತೆಳುವಾದ ಮಲ ಅದರ ಪಕ್ಕದಿಂದ ಸೋರುತ್ತದೆ. ಅದು ಅವರಿಗೆ ಗೊತ್ತೂ ಆಗುವುದಿಲ್ಲ, ತಡೆಯಲೂ ಆಗುವುದಿಲ್ಲ. ನೋಡುವವರಿಗೆ ಭೇದಿ ಥರ ಕಾಣುತ್ತದೆ. ಅದನ್ನು ನಿಲ್ಲಿಸುವ ಮಾತ್ರೆ ಕೊಟ್ಟರೆ ಒಳಗಿನದು ಇನ್ನೂ ಬಿಗಿಯುತ್ತದೆ. "ನಿಮ್ಮ ಮಾವ ಬೇಕಂತ ಮಾಡ್ತಿಲ್ಲಮ್ಮ. ಈಗಲೇ ಡಾಕ್ಟರ್ ಹತ್ತಿರ ಕರಕೊಂಡು ಹೋಗಿ" ಅಂದೆ. ಮಾತ್ರೆಗಳನ್ನೆಲ್ಲ, ಮೂಲೆಯಲ್ಲಿ ಬಿದ್ದಿದ್ದ ಸಿರಪ್ ಬಾಟಲಿಯನ್ನೂ ಸೇರಿಸಿ, ಒಂದು ಕೈಚೀಲಕ್ಕೆ ತುಂಬಿಸಿ ಕೊಟ್ಟು ಕಳಿಸಿದೆ.

ಡಾಕ್ಟರ್ ಪರೀಕ್ಷೆ ಮಾಡಿದಾಗ ಗಡ್ಡೆ ಕೈಗೆ ಸಿಕ್ಕಿತು. ಅಲ್ಲೇ ಎರಡು ದಿನ ಇಟ್ಟುಕೊಂಡು ಖಾಲಿ ಮಾಡಿಸಿದರು. ಮೂತ್ರವೂ ಪೂರ್ತಿ ಹೋಗುತ್ತಿರಲಿಲ್ಲವಂತೆ. ಹೊಟ್ಟೆ ಕಟ್ಟಿದರೆ ವಯಸ್ಸಾದವರಿಗೆ ಅದೂ ಆಗುತ್ತದೆ, ಒಮ್ಮೊಮ್ಮೆ ಗೊಂದಲವಾಗಿ ಬುದ್ಧಿ ಮಂಕಾಗುವುದೂ ಉಂಟು. ಮೂರನೇ ದಿನ ಅಜ್ಜ ತಾವಾಗೇ ಊಟ ಕೇಳಿದರು. ಸೊಸೆಯ ಅಡುಗೆ ಮೇಲಿನ ಸಿಟ್ಟು ಅಂದುಕೊಂಡಿದ್ದದ್ದು ಅಲ್ಲಿಗೆ ಮುಗಿಯಿತು.

ಕೈಚೀಲದಿಂದಲೂ ಉಪಯೋಗವಾಯಿತು. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ನೋವಿಗೆ ಟ್ರಮಡಾಲ್. ಮೂರೂ ಹೊಟ್ಟೆ ಕಟ್ಟುವಂಥವು. ಡಾಕ್ಟರ್ ನೋವಿನ ಮಾತ್ರೆ ಬದಲಿಸಿ ಪ್ಯಾರಸಿಟಮಾಲ್ ಬರೆದರು, ರಕ್ತ ಪರೀಕ್ಷೆ ನೋಡಿ ಕಬ್ಬಿಣದ ಮಾತ್ರೆ ನಿಲ್ಲಿಸಿದರು. ಇದನ್ನು ಓದಿ ಯಾರೂ ತಾವಾಗೇ ಮಾತ್ರೆ ಬಿಡಿಸಬೇಡಿ. ಚೀಲ ತಗೊಂಡು ಹೋಗಿ ಕೇಳಿ. ರಾತ್ರಿಗೆ ಮಲ ಮೆತ್ತಗಾಗಿಸುವ ಲ್ಯಾಕ್ಟುಲೋಸ್ ಸಿರಪ್ ಕೊಟ್ಟರು. ಅದು ಕೆಲಸ ಮಾಡೋಕೆ ಒಂದೆರಡು ದಿನ ಬೇಕು. ಮೊದಮೊದಲು ಹೊಟ್ಟೆ ಉಬ್ಬಿದ ಹಾಗೆ, ಗಾಳಿ ಜಾಸ್ತಿ ಆದ ಹಾಗೆ ಅನಿಸುತ್ತದೆ. ಮೊದಲ ದಿನವೇ "ಕೆಲಸ ಮಾಡ್ತಿಲ್ಲ" ಅಂತ ಬಾಟಲಿ ಎತ್ತಿಡುವವರೇ ಹೆಚ್ಚು.

ಆದರೆ ಆ ಚೊಂಬು ನನ್ನ ತಲೆಯಿಂದ ಹೋಗಿರಲಿಲ್ಲ. ಮುಂದಿನ ವಾರ ಹೋದಾಗ ಸೊಸೆಯನ್ನು ಅಂಗಡಿಗೆ ಕಳಿಸಿ ಅಜ್ಜನ ಹತ್ತಿರ ಕೂತೆ. ಮಳೆ, ಗದ್ದೆ, ಭದ್ರಾ ಕಾಲುವೆ ನೀರು ಅಂತ ಮಾತಾಡಿದೆವು. ಮೊದಲೆಲ್ಲ ನಸುಕಿಗೇ ತಂಬಿಗೆ ಹಿಡಿದು ಹೊಲದ ಕಡೆ ಹೋಗುತ್ತಿದ್ದರಂತೆ. "ಈಗ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಆಕಿ ನನ್ನ ಮಗಳಂಥಾಕಿ, ತಾಯಿ. ಆಕಿ ಕೈಲಿ ಅದನ್ನೆಲ್ಲ ಮಾಡಿಸ್ಕೋಬೇಕಾ? ನೀರು ಕುಡುದ್ರೆ ಹೋಗ್ಬೇಕಾಕತಿ. ಮಗ ಬರ್ಲಿ ಅಂತ ತಡ್ಕಂತೀನಿ."

ಮಗ ಬರುವುದು ರಾತ್ರಿ. ಕರುಳು ಎಚ್ಚರವಾಗುವುದು ಬೆಳಗ್ಗೆ. ಹೊಟ್ಟೆಗೆ ಏನಾದರೂ ಬಿದ್ದ ಅರ್ಧ ಗಂಟೆಯೊಳಗೆ ದೊಡ್ಡ ಕರುಳು ತಾನಾಗೇ ಮುಂದಕ್ಕೆ ತಳ್ಳುತ್ತದೆ, ಅದರಲ್ಲೂ ಬೆಳಗಿನ ತಿಂಡಿ ಆದಮೇಲೆ. ಆ ಕರೆಯನ್ನು ದಿನಾ ತಡೆದರೆ ಮಲದಲ್ಲಿರುವ ನೀರನ್ನು ಕರುಳು ಎಳೆದುಕೊಳ್ಳುತ್ತದೆ, ಗಟ್ಟಿಯಾಗುತ್ತದೆ, ಮುಂದೆ ಕರೆ ಬರುವುದೇ ಕಮ್ಮಿಯಾಗುತ್ತದೆ. ರಾತ್ರಿ ಮಗ ಕೂರಿಸಿದಾಗ ಏನೂ ಆಗುತ್ತಿರಲಿಲ್ಲ. ಕಮೋಡ್ ಕುರ್ಚಿ ಇದ್ದದ್ದಾದರೂ ಎಲ್ಲಿ? ನಡುಮನೆಯ ಮೂಲೆಯಲ್ಲಿ, ಹಗ್ಗಕ್ಕೆ ಹಳೆ ಸೀರೆ ಕಟ್ಟಿದ ಮರೆಯಲ್ಲಿ. ಆ ಕಡೆ ಮೊಮ್ಮಕ್ಕಳು ಓದುತ್ತಾ ಕೂತಿರುತ್ತಾರೆ. ಒಂದು ಸದ್ದು ಬಂದರೂ ನಗುತ್ತಾರೆ ಅನ್ನುವ ಭಯ. ಅಲ್ಲಿ ನನಗೂ ಆಗುತ್ತಿರಲಿಲ್ಲ.

ಅಜ್ಜನ ಅನುಮತಿ ಕೇಳಿಯೇ ಮಗನಿಗೆ ಇದನ್ನು ಹೇಳಿದೆ. "ದುಡಿಮೆ ಬಿಟ್ಟು ಮನೇಲಿ ಕೂರೋಕೆ ಆಗುತ್ತಾ ಮೇಡಂ?" ಅಂದರು. ಬೈಯುವ ದನಿ ಅಲ್ಲ, ಸೋತ ದನಿ. ಅವರ ದಿನವನ್ನು ಗಂಟೆ ಗಂಟೆಗೆ ಕೇಳುತ್ತಾ ಹೋದೆ. ಮೊದಲ ಲೋಡ್ ಇಳಿಸಿ ಎಂಟೂವರೆಗೆ ಹೋಟೆಲಲ್ಲಿ ತಿಂಡಿ ತಿನ್ನುತ್ತಾರೆ, ಅರ್ಧ ಗಂಟೆ ಅಲ್ಲೇ ಕೂರುತ್ತಾರೆ. "ಆ ತಿಂಡಿ ಮನೇಲಿ ತಿನ್ನಿ. ಅಪ್ಪನ ಜೊತೆಗೆ." ಇಷ್ಟೇ ನಾನು ಹೇಳಿದ್ದು.

ಈಗ ಎಂಟೂವರೆಗೆ ಗಾಡಿ ಮನೆ ಮುಂದೆ ನಿಲ್ಲುತ್ತದೆ. ಅಪ್ಪ-ಮಗ ತಿಂಡಿ ತಿಂದು, ಬಿಸಿ ಕಾಫಿ ಕುಡಿದು, ವಾಕರ್ ಹಿಡಿದು ಕಾಳಿನ ಚೀಲ ಇಡುತ್ತಿದ್ದ ಸಣ್ಣ ಕೋಣೆಗೆ ಹೋಗುತ್ತಾರೆ. ಕಮೋಡ್ ಕುರ್ಚಿಯನ್ನು ಅಲ್ಲಿಗೆ ಸಾಗಿಸಿದೆವು. ಬಾಗಿಲಿದೆ. ಅಜ್ಜ ಜೀವನವಿಡೀ ಕುಕ್ಕರಗಾಲಲ್ಲಿ ಕೂತವರು, ಕುರ್ಚಿಯ ಮೇಲೆ ಕಾಲು ಜೋತುಬಿದ್ದರೆ ಬಲ ಬರುವುದಿಲ್ಲ. ಊಟದ ಮಣೆ ಒಂದನ್ನು ಇದಕ್ಕೇ ಅಂತ ಎತ್ತಿಟ್ಟು ಪಾದದ ಕೆಳಗೆ ಕೊಟ್ಟೆವು. ಮಂಡಿ ಸ್ವಲ್ಪ ಮೇಲೆ ಬಂದು, ಮುಂದಕ್ಕೆ ಬಾಗಿ ಮೊಣಕೈ ಊರಿಕೊಂಡರೆ ದಾರಿ ನೇರವಾಗುತ್ತದೆ. ಸೊಂಟದ ಆಪರೇಷನ್ ಆದವರು ಎಷ್ಟು ಬಾಗಬಹುದು ಅಂತ ಮೊದಲು ಡಾಕ್ಟರನ್ನು ಕೇಳಬೇಕು, ಇವರಿಗೂ ಕೇಳಿಯೇ ಮಾಡಿಸಿದ್ದು. ಹತ್ತು ನಿಮಿಷ ಸಾಕು. ಆಗದಿದ್ದರೆ ಎದ್ದು ಬರುವುದು, ಮುಕ್ಕಿರಿಯುವುದು ಬೇಡ. ಮೊಮ್ಮಗನ ಸೈಕಲ್ಲಿನ ಹಳೆ ಬೆಲ್ ಕುರ್ಚಿಯ ಕೈಗೆ ಕಟ್ಟಿದ್ದೇವೆ. ಅದು ಹೊಡೆಯುವ ತನಕ ಯಾರೂ ಬಾಗಿಲು ತಳ್ಳುವ ಹಾಗಿಲ್ಲ.

ನೀರಿಗೂ ಒಂದು ಒಪ್ಪಂದವಾಯಿತು. ಚೊಂಬು ತೆಗೆದು ಸಣ್ಣ ಲೋಟ ಇಟ್ಟೆವು. ಗಂಟೆಗೊಂದು, ಸಂಜೆ ಆರರೊಳಗೆ ಆರೇಳು ಲೋಟ. ನೀರೇ ಆಗಬೇಕಂತಿಲ್ಲ, ಮಜ್ಜಿಗೆ, ತಿಳಿಸಾರು ಏನಾದರೂ ಸರಿ. ಆರರ ಮೇಲೆ ಕಮ್ಮಿ, ರಾತ್ರಿ ಎಬ್ಬಿಸುವ ಭಯ ಇರುವುದಿಲ್ಲ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರು ಅಳೆದು ಕೊಡಿ ಅಂದಿದ್ದರೆ ಮಾತ್ರ ಈ ಲೆಕ್ಕ ನಡೆಯಲ್ಲ. ಊಟದಲ್ಲಿ, ಆಪರೇಷನ್ ಆದಾಗಿನಿಂದ ಬರೀ ಗಂಜಿ, ಬ್ರೆಡ್ಡು, ಹಾಲು. "ಹಗುರ ಇರಲಿ ಅಂತ" ಅಂದರು ಸೊಸೆ. ನಾರೇ ಇಲ್ಲದ ಊಟ ಅದು. ಈಗ ಜೋಳದ ರೊಟ್ಟಿಯನ್ನು ಬೇಳೆಸಾರಲ್ಲಿ ನೆನೆಸಿ ಕೊಡುತ್ತಾರೆ, ಸೊಪ್ಪಿನ ಪಲ್ಯ ಮೆತ್ತಗೆ ಬೇಯಿಸಿ, ಸಂಜೆಗೆ ಪಪ್ಪಾಯಿ. ಗಡ್ಡೆ ಕಟ್ಟಿದ್ದಾಗ ಇದನ್ನೆಲ್ಲ ತುರುಕಬಾರದು, ಮೊದಲು ಖಾಲಿಯಾಗಬೇಕು. ನೀರಲ್ಲಿ ಉಬ್ಬುವ ನಾರಿನ ಪುಡಿ ಇಸಬ್‌ಗೋಲ್ ಬಗ್ಗೆಯೂ ಕೇಳಿದರು. ಹಾಸಿಗೆ ಹಿಡಿದವರಿಗೆ, ನುಂಗಲು ಕಷ್ಟ ಇರುವವರಿಗೆ, ನೀರು ಕುಡಿಯದವರಿಗೆ ಅದು ಬೇಡ ಅಂದೆ, ಗಂಟಲಲ್ಲೋ ಕರುಳಲ್ಲೋ ಅಂಟಿಕೊಂಡು ಕೂರಬಹುದು.

ಉಳಿದಿದ್ದ ಎನಿಮಾ ಬಾಟಲಿಯನ್ನು ವಾಪಸ್ ಕೊಡಿಸಿದೆ. ಅದು ಸೋಡಿಯಂ ಫಾಸ್ಫೇಟ್‌ನದು. 24 ಗಂಟೆಯಲ್ಲಿ ಒಂದಕ್ಕಿಂತ ಜಾಸ್ತಿ ಬಳಸಿದರೆ ಕಿಡ್ನಿಗೆ, ಹೃದಯಕ್ಕೆ ಅಪಾಯ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲೇ ಎಚ್ಚರಿಸಿದೆ. ವಯಸ್ಸಾದವರಿಗೆ ಡಾಕ್ಟರನ್ನು ಕೇಳದೆ ಒಂದನ್ನೂ ಹಾಕಬೇಡಿ. ಮೂರು ದಿನ ಆಗದಿದ್ದರೆ ಡಾಕ್ಟರಿಗೆ ಫೋನ್ ಮಾಡುವುದು ಅಂತ ಗೋಡೆಯ ಕ್ಯಾಲೆಂಡರಲ್ಲಿ ಗುರುತು ಹಾಕಲು ಹೇಳಿದೆ. ವಾಂತಿ, ಹೊಟ್ಟೆ ಊದಿಕೊಂಡು ನೋವು, ಗಾಳಿಯೂ ಹೋಗದಿರುವುದು, ಇವು ಬಂದರೆ ಮೂರು ದಿನ ಕಾಯಬಾರದು, ಆಗಲೇ ಆಸ್ಪತ್ರೆ. ರಕ್ತ ಬಿದ್ದರೂ, ಮೈತೂಕ ಇಳಿಯುತ್ತಾ ಬಂದರೂ ತೋರಿಸಲೇಬೇಕು.

ಸೊಸೆಗೆ ಅಜ್ಜನ ಮಾತು ಹೇಳಿದಾಗ ಅವರು ಸೆರಗಿನಲ್ಲಿ ಕೈ ಒರೆಸುತ್ತಾ ನಿಂತಿದ್ದರು. "ಮಗಳಂಥಾಕಿ ಅಂದ್ರಾ?" ಅಂತ ಎರಡು ಸಲ ಕೇಳಿದರು. ನಾಲ್ಕು ತಿಂಗಳಿಂದ ತವರಿಗೆ ಒಂದು ದಿನವೂ ಹೋಗಿರಲಿಲ್ಲ. ಭಾನುವಾರ ಮಧ್ಯಾಹ್ನ ಗಂಡ ಮನೆಯಲ್ಲಿರುತ್ತಾರೆ, ಆ ಹೊತ್ತು ನಿಮ್ಮದು ಅಂದೆ. ಮನಸ್ಸು ಕುಗ್ಗಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ ಅಂತ ಬರೆದುಕೊಟ್ಟೆ.

ಎಲ್ಲಾ ದಿನ ಸರಾಗ ಅಂತೇನಿಲ್ಲ. ಜುಲೈನಲ್ಲಿ ಒಂದು ಸಲ ನಾಲ್ಕು ದಿನ ಕಟ್ಟಿತ್ತು, ಡಾಕ್ಟರ್ ಸಿರಪ್ ಹೆಚ್ಚಿಸಿದರು. ಸೆಪ್ಟೆಂಬರ್ ಕೊನೆಗೆ ಮಗನೇ ಫೋನ್ ಮಾಡಿದರು. ಮೆಕ್ಕೆಜೋಳ ಬರುವ ಕಾಲ, ಹಳ್ಳಿಗಳಿಂದ ಲೋಡ್ ತರಬೇಕು, ಒಂದೂವರೆ ತಿಂಗಳು ಎಂಟೂವರೆಗೆ ಮನೆಗೆ ಬರೋಕೆ ಆಗಲ್ಲ, ಏನು ಮಾಡೋದು ಅಂತ. ನಾನು ಉತ್ತರ ಹುಡುಕುವಷ್ಟರಲ್ಲಿ ಹಿಂದಿನಿಂದ ಅಜ್ಜನ ದನಿ ಕೇಳಿಸಿತು: "ನಮ್ಮ ತಮ್ಮನ ಮಗ ಪಕ್ಕದ ಬೀದ್ಯಾಗೇ ಅದಾನಲ್ಲ. ಅಂಗಡಿ ತೆಗಿಯಾದು ಹತ್ತಕ್ಕೆ. ಅವನಿಗೆ ನಾನೇ ಹೇಳ್ತೀನಿ, ತಿಂಡಿಗೆ ಇಲ್ಲಿಗೇ ಬಾ ಅಂತ."